ಲಾರಿ ಬಾರದ ದಾರಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹವ್ಯಾಸಕ್ಕೆ ಸೈಕಲ್ ತುಳಿಯುವವರಿಗೆಲ್ಲ ಒಂದೇ ಹುಡುಕಾಟ: ಗದ್ದಲವಿಲ್ಲದ ರಸ್ತೆ. ಪಿ.ಬಿ. ರಸ್ತೆಯಲ್ಲಿ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತವೆ. ಉಳಿದ ಜಾಗಕ್ಕೆ ಕಾರು, ಟಂಟಂ, ಬೈಕುಗಳ ಪೈಪೋಟಿ ಹೊತ್ತು ಏರುವ ಮೊದಲೇ ಶುರು. ಆದ್ದರಿಂದ ಕತ್ತಲಿರುವಾಗಲೇ ಎದ್ದು ಊರು ದಾಟುತ್ತೇವೆ. ಪಡುವಣಕ್ಕೆ ಹೊರಟರೆ ಕಲಘಟಗಿ, ಅಳ್ನಾವರದ ಅರೆಮಲೆನಾಡು. ಮೂಡಣಕ್ಕೆ ತಿರುಗಿದರೆ ನವಲಗುಂದ, ಕುಂದಗೋಳದ ಎರೆಭೂಮಿ. ಒಂದೇ ಬೆಳಗಿನಲ್ಲಿ ಎರಡು ಬಣ್ಣದ ಮಣ್ಣು ನೋಡಿ ಬರುವ ಭಾಗ್ಯ ಎಲ್ಲ ಊರಿನವರಿಗೂ ಇಲ್ಲ.

ಸವಾರರು ಕೂಡಿದಲ್ಲಿ ಫ್ರಾನ್ಸಿನ ಮಾತು ಬಂದೇ ಬರುತ್ತದೆ. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂಬ ಬ್ರೆವೆ ಸವಾರಿಯ ನಿಯಮ ಅಲ್ಲಿಂದ ಬಂದದ್ದು. 1891ರಲ್ಲಿ ಮೊದಲು ನಡೆದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಇಂದಿಗೂ ದೂರಸವಾರರ ಯಾತ್ರೆ. ನನ್ನನ್ನು ಸೆಳೆದದ್ದು ಮಾತ್ರ ಆ ನಾಡಿನ ಸಣ್ಣ ರಸ್ತೆಗಳು. ಅಲ್ಲಿ ಜಿಲ್ಲಾ ಮಟ್ಟದ ರಸ್ತೆಗಳೇ ಸುಮಾರು 3,80,000 ಕಿ.ಮೀ. ಇವೆ. ಅವಸರದ ವಾಹನಗಳು ಹೆದ್ದಾರಿ ಹಿಡಿಯುವುದರಿಂದ ಹಳ್ಳಿಯಿಂದ ಹಳ್ಳಿಗೆ ಸಾಗುವ ಆ ದಾರಿಗಳಲ್ಲಿ ಸೈಕಲ್ ನಿರಾಳವಾಗಿ ಓಡುತ್ತದೆ. ಲ್ವಾರ್ ನದಿಯ ಗುಂಟ ಸುಮಾರು 900 ಕಿ.ಮೀ. ಸೈಕಲ್ ಹಾದಿಯಿದೆ. ಹದಿನೇಳನೆಯ ಶತಮಾನದಲ್ಲಿ ದೋಣಿಗಳಿಗಾಗಿ ತೋಡಿದ ಮಿದಿ ಕಾಲುವೆಯ ದಂಡೆಯ ಮೇಲೂ ಇಂದು ಸೈಕಲ್ಲುಗಳು ಓಡಾಡುತ್ತವೆ. ನಾನು ಅಲ್ಲಿಗೆ ಹೋದವನಲ್ಲ. ಇವನ್ನೆಲ್ಲ ಚಿತ್ರಗಳಲ್ಲಿ ಕಂಡವನು. ಆ ಚಿತ್ರಗಳು ನನ್ನೊಳಗೆ ಒಂದು ಅಳತೆಗೋಲನ್ನು ನೆಟ್ಟಿದ್ದವು: ಯಾರೂ ಇಲ್ಲದ ರಸ್ತೆಯೇ ಒಳ್ಳೆಯ ರಸ್ತೆ.

ಈ ಅಳತೆಯನ್ನು ಮತ್ತೆ ಪರೀಕ್ಷಿಸುವಂತೆ ಮಾಡಿದ್ದು ಕುಂದಗೋಳದ ಕಡೆಯ ಒಂದು ಒಳರಸ್ತೆ. ಕಡಲೆ ರಾಶಿಯ ದಿನಗಳು. ಒಣಗಿದ ಕಡಲೆ ಗಿಡಗಳನ್ನು ಡಾಂಬರಿನ ಮೇಲೆ ಅಡ್ಡಲಾಗಿ ಹರವಿ, ಬದಿಯ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಸುತ್ತಿ ಹೋಗಲು ಜಾಗವಿರಲಿಲ್ಲ. ಮೆಲ್ಲಗೆ ಅದರ ಮೇಲೆಯೇ ಹಾದೆ. ಕಾಯಿಗಳು ಚಟಚಟನೆ ಒಡೆದವು. ಮೆಚ್ಚುವಳೆಂದುಕೊಂಡು ತಿರುಗಿ ನೋಡಿದೆ. ಗಾಲಿ ಹಾದಲ್ಲಿ ಒಂದು ಬೆರಳಗಲ ಮಾತ್ರ ಹೊಟ್ಟು ಬಿಟ್ಟು ಕಾಳು ಮಿನುಗುತ್ತಿತ್ತು. ಎರಡೂ ಕಡೆ ಗಿಡಗಳು ಹರವಿದ ಹಾಗೆಯೇ ಇದ್ದವು.

“ನಿನ್ನ ಗಾಲಿ ಒಂದ ಗೆರಿ ಎಳೀತು, ಅಷ್ಟ. ಲಾರಿ ಬರಬೇಕು, ತಮ್ಮಾ,” ಎಂದಳು.

“ಮಷಿನ್ ತರಸೂದಿಲ್ಲೇನು ಯವ್ವಾ?”

“ಇಷ್ಟ ಸಣ್ಣ ಹೊಲಕ್ಕ ಮಷಿನ್ ಯಾರ ತರ್ತಾರ? ಮುಂಜಾನಿಂದ ಕುಂತೀನಿ. ಎರಡ ಟ್ಯಾಕ್ಟರ್ ಹಾದ್ವು.”

ಲಾರಿ ಬಾರದಿರಲಿ ಎಂದು ಆ ದಾರಿಯನ್ನು ಆರಿಸಿಕೊಂಡು ಬಂದವನು ನಾನು. ಲಾರಿ ಬರಲಿ ಎಂದು ಅದೇ ದಾರಿಯಲ್ಲಿ ಕಾದು ಕೂತವಳು ಅವಳು. ರಸ್ತೆಯ ಮೇಲೆ ರಾಶಿ ಮಾಡುವುದು ಅಪಾಯವೆಂಬುದು ನಿಜ, ಬೈಕಿನವರು ಜಾರಿ ಬೀಳುತ್ತಾರೆ. ಆದರೆ ಅವಳ ಮಾತು ನನ್ನಲ್ಲಿ ಎತ್ತಿದ ಪ್ರಶ್ನೆ ಬೇರೆ. ನಾನು ಶಾಂತಿ ಎಂದು ಅನುಭವಿಸುತ್ತಿದ್ದುದು ಅವಳ ಪಾಲಿಗೆ ಒಂದು ಕೊರತೆಯಾಗಿದ್ದರೆ, ಆ ಶಾಂತಿಯನ್ನು ಚೆಲುವೆಂದು ಕೊಂಡಾಡುವ ನನ್ನ ರುಚಿಗೆ ಏನು ಅರ್ಥ?

ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ರಾಜ್ಯದಲ್ಲಿ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ ಮೇಲೆ ಈ ಒಳರಸ್ತೆಗಳಲ್ಲಿ ಶಾಲೆಗೆ ಹೊರಟ ಹುಡುಗಿಯರ ಸಾಲು ಕಾಣಿಸಿತು. ಅವರು ರಸ್ತೆಯ ಅಗಲಕ್ಕೂ ಹರಡಿಕೊಂಡು, ಜೋರಾಗಿ ಹರಟುತ್ತ ಬರುತ್ತಾರೆ. ಮೊದಲು ನನಗೆ ಅದು ಬೆಳಗಿನ ಮೌನಕ್ಕೆ ಬಂದ ಅಡ್ಡಿಯಾಗಿ ತೋರುತ್ತಿತ್ತು. ಆದರೆ ಒಂಟಿಯಾಗಿ ತುಳಿಯುವ ಹುಡುಗಿಗೆ ನಿರ್ಜನ ರಸ್ತೆ ಎಂದರೆ ಅಂಜಿಕೆ. ಗೆಳತಿಯರ ಗಲಾಟೆಯೇ ಅವಳ ಕಾವಲು. ನಡುವಯಸ್ಸಿನ ಗಂಡಸಾದ ನನಗೆ ನಿರ್ಜನತೆಯಲ್ಲಿ ಕವಿತೆ ಕಾಣುವುದು ನಾನು ಸೂಕ್ಷ್ಮಮನಸ್ಸಿನವನು ಎಂಬುದರಿಂದಲ್ಲ. ಅಲ್ಲಿ ನನಗೆ ಹೆದರುವ ಕಾರಣವಿಲ್ಲ ಎಂಬುದರಿಂದ.

ಹೀಗೆ ಯೋಚಿಸತೊಡಗಿದ ಮೇಲೆ ಫ್ರಾನ್ಸಿನ ಚಿತ್ರಗಳೂ ಬೇರೆಯಾಗಿ ಕಂಡವು. ಆ ದೇಶದ ಈಶಾನ್ಯದಿಂದ ನೈಋತ್ಯದವರೆಗೆ ಜನವಿರಳವಾದ ಒಂದು ಪಟ್ಟಿಯೇ ಇದೆ. ಲೊಝೇರ್ ಜಿಲ್ಲೆಯಲ್ಲಿ ಚದರ ಕಿ.ಮೀ.ಗೆ ಸುಮಾರು 15 ಜನ; ನಮ್ಮ ಧಾರವಾಡ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 434. ಫ್ರಾನ್ಸಿನ ಆ ಪಟ್ಟಿಯ ಹಳ್ಳಿಗಳ ಮಕ್ಕಳು ಪೀಳಿಗೆಗಳ ಕಾಲ ನಗರ ಸೇರುತ್ತ ಹೋದರು. ಸವಾರನಿಗೆ ದಕ್ಕುವ ನೆಮ್ಮದಿಯಲ್ಲಿ ಒಂದು ಪಾಲು ಹೀಗೆ ಊರು ಬಿಟ್ಟವರು ಉಳಿಸಿಹೋದದ್ದು. ನಮ್ಮಲ್ಲೂ ಅದೇ ನಡೆಯುತ್ತಿದೆ. ಬಿವಿಬಿ ಕಾಲೇಜಿಗೆ ಓದಲು ಬಂದವರು, ಕಿಮ್ಸ್ ಆಸ್ಪತ್ರೆಗೆ ರೋಗಿಗಳನ್ನು ಕರೆತಂದವರು, ದುಡಿಮೆ ಹುಡುಕಿ ಬಂದು ಇಲ್ಲಿಯೇ ನೆಲೆಸಿದವರು, ಎಲ್ಲರೂ ಆ ಎರೆಸೀಮೆಯ, ಅರೆಮಲೆನಾಡಿನ ಊರುಗಳವರೇ. ವಿದ್ಯಾನಗರದ ಗದ್ದಲ ಆ ಊರುಗಳ ಮೌನದಿಂದಲೇ ಆದದ್ದು. ಒಂದನ್ನು ಬೈದು ಇನ್ನೊಂದನ್ನು ಹೊಗಳುವುದು ನ್ಯಾಯವೆನಿಸದು.

ಹಾಗಾದರೆ ಶಾಂತ ರಸ್ತೆಯ ಆಸೆಯೇ ತಪ್ಪೇ? ಹಾಗೆನ್ನಲಾರೆ. ಮೌನದಲ್ಲಿ ಎರಡು ಬಗೆ ಎಂದು ಈಗ ತೋರುತ್ತದೆ. ಒಂದು, ಜನ ತೊರೆದು ಹೋದಾಗ ಉಳಿಯುವ ಮೌನ. ಇನ್ನೊಂದು, ಜನ ಜೊತೆಗಿದ್ದೂ ಒಬ್ಬರಿಗೊಬ್ಬರು ಬಿಟ್ಟುಕೊಡುವ ಮೌನ. ಮೊದಲನೆಯದಕ್ಕೆ ಯಾರದೂ ಶ್ರಮ ಬೇಡ. ಎರಡನೆಯದನ್ನು ದಿನವೂ ದುಡಿದು ಉಳಿಸಿಕೊಳ್ಳಬೇಕು. ಫ್ರಾನ್ಸಿನಿಂದ ನಾವು ಪಡೆಯಬೇಕಾದದ್ದು ಈ ಎರಡನೆಯದು. ಊರ ಹೊರಗೆ ಸೈಕಲನ್ನು ಹಿಂದಿಕ್ಕುವ ವಾಹನ ಕನಿಷ್ಠ ಒಂದೂವರೆ ಮೀಟರ್, ಊರೊಳಗೆ ಒಂದು ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿಯ ಕಾನೂನು. ರೈಲು ನಿಂತುಹೋದ ಹಳೆಯ ಮಾರ್ಗಗಳನ್ನು ಸೈಕಲ್, ನಡಿಗೆಯ ಹಾದಿಗಳನ್ನಾಗಿ ಅವರು ಮಾಡಿಕೊಂಡಿದ್ದಾರೆ. ಈ ವಿಚಾರ ನಮ್ಮ ಮನೆಬಾಗಿಲಿಗೂ ಬಂದಿದೆ. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಮತ್ತು ಯುರೋಪಿಯನ್ ಒಕ್ಕೂಟದ ನೆರವಿನಿಂದ 2018ರಲ್ಲಿ ಆರಂಭವಾದ ಸಿಟೀಸ್ ಯೋಜನೆಗೆ ದೇಶದ 12 ನಗರಗಳು ಆಯ್ಕೆಯಾದವು. ಅವುಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಉಣಕಲ್ ನಾಲಾದ ದಂಡೆಗುಂಟ ಸೈಕಲ್ ಮತ್ತು ಕಾಲ್ನಡಿಗೆಯ ಹಸಿರು ಹಾದಿಯ ಕಲ್ಪನೆ ಅದರದು. ಕೊಳಚೆ ನಾಲೆಯ ಪಕ್ಕದಲ್ಲೂ ಶಾಂತ ದಾರಿಯೊಂದನ್ನು ಕಟ್ಟಬಹುದೆಂದು ನಂಬುವುದೇ ದೊಡ್ಡ ಹೆಜ್ಜೆ.

ಪ್ರವಾಸೀ ಸೈಕಲ್ ಸವಾರಿಗೆ ಫ್ರಾನ್ಸಿನಲ್ಲಿ ದಾರಿ ತೋರಿದ ವೆಲೋಸಿಯೊ, ಅಂದರೆ ಪೌಲ್ ದ ವಿವಿ (1853–1930), ತನ್ನ ಅನುಯಾಯಿಗಳಿಗೆ ಏಳು ನಿಯಮಗಳನ್ನು ಹೇಳಿದ್ದ. ಹಸಿಯುವ ಮೊದಲು ಉಣ್ಣುವುದು, ಬಾಯಾರುವ ಮೊದಲು ಕುಡಿಯುವುದು ಮುಂತಾದವು ದೇಹಕ್ಕೆ ಸಂಬಂಧಿಸಿದವು. ಅಹಮಿಕೆಗಾಗಿ ತುಳಿಯಬೇಡ ಎಂಬುದೊಂದು ಮಾತ್ರ ಮನಸ್ಸಿಗೆ. ವೇಗದ ಹಮ್ಮನ್ನು ಕುರಿತ ಆ ಮಾತು ಇಂದು ನಿಶ್ಶಬ್ದದ ಹಮ್ಮಿಗೂ ಅನ್ವಯಿಸುತ್ತದೆ. ಟ್ರ್ಯಾಕ್ಟರ್ ಮರೆಯಾಗುವ ತನಕ ಕಾದು, ಖಾಲಿ ರಸ್ತೆಯ ಫೋಟೊ ತೆಗೆದು, ಹತ್ತು ಜನರಿಗೆ ಕಳಿಸುವಾಗ ನಾವು ಹಂಚುವುದು ಆ ದಾರಿಯನ್ನಲ್ಲ, ಅದರ ಜನರನ್ನು ಅಳಿಸಿದ ಒಂದು ನಕಲನ್ನು.

ಚೆನ್ನಾಗಿ ಬಾಳುವುದೆಂದರೆ ನೆಮ್ಮದಿಯ ತಾಣಗಳನ್ನು ಹುಡುಕಿ ಹೋಗುವುದು ಎಂದು ಬಹಳ ಕಾಲ ನಂಬಿದ್ದೆ. ಇದ್ದಲ್ಲಿಯೇ ಇನ್ನೊಬ್ಬರ ನೆಮ್ಮದಿಗೆ ಎಡೆ ಬಿಡುವುದು ಅದಕ್ಕಿಂತ ಕಷ್ಟದ, ಅದಕ್ಕಿಂತ ಮೇಲಾದ ಸಾಧನೆ ಎಂದು ಈಗ ಅನ್ನಿಸುತ್ತದೆ. ವಾರಕ್ಕೊಂದು ಬೆಳಗು ಸೈಕಲ್ ಮೇಲಿರುವ ನಾವೇ ಉಳಿದ ದಿನಗಳಲ್ಲಿ ಸ್ಟೇರಿಂಗ್ ಹಿಡಿಯುವವರು. ಊರ ಹೊರಗೆ ಸೈಕಲ್ ಕಂಡಾಗ ಹಾರ್ನ್ ಒತ್ತಬೇಡಿ. ವೇಗ ತಗ್ಗಿಸಿ, ಒಂದೂವರೆ ಮೀಟರ್ ಅಂತರ ಬಿಟ್ಟು ಮುಂದೆ ಹೋಗಿ. ನಮ್ಮ ಸೀಮೆಯಲ್ಲಿ ಆ ಸೈಕಲ್ ಮೇಲಿರುವವರು ಹೆಚ್ಚಿನಂಶ ಶಾಲೆಗೋ ಹೊಲಕ್ಕೋ ಹೊರಟವರು. ದಾರಿಯ ಮೇಲೆ ಮೊದಲ ಹಕ್ಕು ಅವರದು, ಹವ್ಯಾಸದವರಾದ ನಮ್ಮದು ಆಮೇಲೆ.