ಫಿಲ್ಟರ್ ಅಳಿಸಿದ ಹೊಳಪು

2023ರ ಜುಲೈ. ಕೊಲ್ಲೂರು ಸಮೀಪದ ಅರಸಿನಗುಂಡಿ ಜಲಪಾತದೆದುರು ಯುವಕನೊಬ್ಬ ಬಂಡೆಯ ಮೇಲೆ ನಿಂತಿದ್ದ. ಎದುರಿಗೆ ಬೋರ್ಗರೆವ ನೀರು, ಹಿಂದೆ ಮೊಬೈಲ್ ಹಿಡಿದ ಗೆಳೆಯ. ಕಾಲು ಜಾರಿತು. ಶವ ಸಿಕ್ಕಿದ್ದು ದಿನಗಳ ಹುಡುಕಾಟದ ನಂತರ. ಅಷ್ಟರಲ್ಲಿ ಆ ವಿಡಿಯೋ ತುಣುಕು ನಾಡೆಲ್ಲ ಸುತ್ತಿ ಬಂದಿತ್ತು.

ರೀಲ್ಸ್ ಹುಚ್ಚು ಎಂದು ಒಂದೇ ಮಾತಿನಲ್ಲಿ ತೀರ್ಪಾಯಿತು. ಟ್ರೈಪಾಡ್ ಹೊತ್ತು ಮಳೆಗಾಲದಲ್ಲಿ ಘಟ್ಟ ಸುತ್ತುವವರಿಗೆ ಇಂಥ ತೀರ್ಪು ಹಿತವಾಗಿಯೇ ಇರುತ್ತದೆ. ಅವರು ಲೈಕಿಗಾಗಿ ಹೋಗುವವರು, ನಾವು ಕಲೆಗಾಗಿ! ನನಗೆ ಈ ಗೆರೆ ಅಷ್ಟು ನೇರವಾಗಿ ಕಾಣುವುದಿಲ್ಲ.

ಮಳೆಹಳ್ಳದ ಚೆಂದದ ಚಿತ್ರ ಹೇಗೆ ಹುಟ್ಟುತ್ತದೆ ನೋಡಿ. ಜಡಿಮಳೆ ನಿಂತು ಮೋಡ ಮಾತ್ರ ಕವಿದಿರಬೇಕು. ಬಿಸಿಲು ಬಿದ್ದರೆ ನೊರೆ ಬೆಳ್ಳಗೆ ಸುಟ್ಟಂತಾಗಿ ವಿವರವೆಲ್ಲ ಹೋಗುತ್ತದೆ. ಐಎಸ್ಒ 100, ಅಪರ್ಚರ್ ಎಫ್/11, ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ. ಬೆಳಕು ಜಾಸ್ತಿಯಿದ್ದರೆ ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್. ಇಷ್ಟಾದರೆ ಅಬ್ಬರಿಸುವ ಹಳ್ಳ ರೇಷ್ಮೆ ಸೆರಗಿನಂತೆ ಇಳಿಯುತ್ತದೆ. ಸುಳಿ ಮಾಯ, ತೇಲಿಬಂದ ಕೊಂಬೆಯೂ ಆ ಒಂದು ಸೆಕೆಂಡಿನಲ್ಲಿ ಮಾಯ. ಇನ್ನು ಪೋಲರೈಸರ್: ಅದು ಒದ್ದೆ ಬಂಡೆಯ ಹೊಳಪನ್ನು ಅಳಿಸಿ ಪಾಚಿಯ ಹಸಿರನ್ನು ಎತ್ತಿ ತೋರಿಸುತ್ತದೆ. ಕಾಲಿಡಬೇಡ, ಜಾರುತ್ತದೆ ಎಂದು ಕಣ್ಣಿಗೆ ಹೇಳುವುದು ಆ ಹೊಳಪೇ ಅಲ್ಲವೆ?

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಚಿತ್ರದಲ್ಲಿ ಉಳಿದದ್ದು ನೀರಿನ ಸೊಬಗು ಮಾತ್ರ, ನೀರಿನ ಬಲವಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ. ರಭಸದ ಹಳ್ಳ ಮೊಣಕಾಲಿನಷ್ಟಿದ್ದರೂ ಗಟ್ಟಿಮುಟ್ಟಾದ ಆಳನ್ನು ಕೆಡವೀತು. ನಿಂತ ಜಾಗದಲ್ಲಿ ಹನಿ ಬೀಳದಿದ್ದರೂ ಮೇಲಿನ ಗುಡ್ಡಕ್ಕೆ ಸುರಿದ ಮಳೆ ಕೆಳಗೆ ಬಂದೇ ಬರುತ್ತದೆ. ನೀರು ಕದಡಿ, ತರಗೆಲೆ ಕಡ್ಡಿ ತೇಲತೊಡಗಿತೋ, ಗೊತ್ತಿದ್ದವರು ಮಾತಿಲ್ಲದೆ ದಡ ಹತ್ತುತ್ತಾರೆ. ವ್ಯೂಫೈಂಡರಿಗೆ ಕಣ್ಣಿಟ್ಟವನಿಗೆ ಇದಾವುದೂ ಕಾಣುವುದಿಲ್ಲ, ಕ್ಯಾಮೆರಾ ಎಷ್ಟೇ ದುಬಾರಿಯಾಗಿರಲಿ.

ಅರಸಿನಗುಂಡಿಯ ಸಾವನ್ನು ಯಾವ ಚಿತ್ರದ ತಲೆಗೂ ಕಟ್ಟಲಾಗದು. ಆ ಗೆಳೆಯನ ತಲೆಗೆ ಕಟ್ಟಲಂತೂ ನನಗೆ ಮನಸ್ಸಿಲ್ಲ. ನನ್ನ ತಕರಾರು ಅಡಿಬರಹದ ಬಗ್ಗೆ. ಶಟರ್, ಅಪರ್ಚರ್, ಲೆನ್ಸ್ ಎಲ್ಲವನ್ನೂ ನಿಷ್ಠೆಯಿಂದ ಬರೆಯುವವರು ಎಲ್ಲಿ ನಿಂತಿದ್ದರು, ನೀರು ಎಷ್ಟಿತ್ತು, ದಾರಿ ತೋರಿದ ಊರಿನವರು ಜೊತೆಗಿದ್ದರೋ ಇಲ್ಲವೋ ಎಂಬುದನ್ನು ಬರೆಯುವುದಿಲ್ಲ. ಸೇತುವೆಯ ಮೇಲಿಂದ 200 ಎಂಎಂ ಲೆನ್ಸಿನಲ್ಲಿ ತೆಗೆದ ಚಿತ್ರವೂ ನಡುಹಳ್ಳದಲ್ಲಿ ನಿಂತು ತೆಗೆದಂತೆ ಕಾಣುತ್ತದೆ. ಅದನ್ನು ನೋಡಿ ಹೊರಟವನು ಸೇತುವೆ ಹುಡುಕುವುದಿಲ್ಲ, ಹಳ್ಳಕ್ಕೇ ಇಳಿಯುತ್ತಾನೆ.

ಜಾಗದ ಹೆಸರು ಮುಚ್ಚಿಟ್ಟರೆ ಸಾಕು ಎನ್ನುವವರಿದ್ದಾರೆ. ಗುಟ್ಟಿನ ಜಾಗವೆಂದರೆ ಹುಡುಕುವ ಚಪಲ ಇನ್ನೂ ಜಾಸ್ತಿ. ಅದರ ಬದಲು ಅದೇ ಹಳ್ಳವನ್ನು 1/1000 ಸೆಕೆಂಡಿನಲ್ಲೂ ಒಮ್ಮೆ ಹಿಡಿದು, ರೇಷ್ಮೆಯ ಪಕ್ಕದಲ್ಲೇ ಹಾಕಬಹುದು: ಕೆಸರು, ಸಿಡಿದ ಹನಿ, ಬಂಡೆಗೆ ಬಡಿದು ತುಂಡಾದ ಕೊಂಬೆ. ಛಾಯಾಚಿತ್ರ ಸಲೂನ್ ಸ್ಪರ್ಧೆಗಳಲ್ಲಿ ಅದಕ್ಕೆ ಬಹುಮಾನ ಬರಲಿಕ್ಕಿಲ್ಲ.