ಗೋದಾಮು ಖಾಲಿಯಾದ ಮೇಲೆ

ಸಂಜೆ ಏಳು ಗಂಟೆಗೆ ನಾನೊಂದು ಪಟ್ಟಿ ಕಳಿಸುತ್ತೇನೆ. ನಾಳೆ ಮೊದಲ ಪಾಳಿಗೆ ಯಾರ್ಯಾರು ಬರಬೇಕು ಎಂಬ ಪಟ್ಟಿ. ಗುತ್ತಿಗೆದಾರನ ಸೂಪರ್‌ವೈಸರ್ ಅದನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಮಹಾಳುಂಗೆ, ನಿಘೋಜೆ, ಕುರುಳಿಯ ಖೋಲಿಗಳಲ್ಲಿ ಐದಾರು ಜನ ಒಟ್ಟಿಗಿರುವ ಹುಡುಗರು ಆ ಹೊತ್ತಿಗೆ ಫೋನ್ ಹಿಡಿದು ಕೂತಿರುತ್ತಾರೆ. ಹೆಸರಿದ್ದವರು ಬೇಗ ಮಲಗುತ್ತಾರೆ. ಇಲ್ಲದವರಿಗೆ ನಾಳಿನ ಪಗಾರ ಇಲ್ಲ.

ಪುಣೆಯ ಹೊರಗೆ ಚಾಕಣದಲ್ಲಿ ಕಾರುಗಳಿಗೆ ತಗಡಿನ ಭಾಗಗಳನ್ನು ಒತ್ತಿ ಕೊಡುವ ಒಂದು ಕಾರ್ಖಾನೆ ನಮ್ಮದು. ಉತ್ಪಾದನೆಯ ಯೋಜನೆ ನನ್ನ ಪಾಲಿನ ಕೆಲಸ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಾರ ಆರ್ಡರ್ ಜೋರಾಗಿರುತ್ತದೆ ಎಂದು ತಿಳಿದು, ಯಾರೂ ಊರಿಗೆ ಹೋಗಬೇಡಿ, ಹೋದವರ ಜಾಗ ಹೋಯಿತು ಅಂದುಕೊಳ್ಳಿ ಎಂದು ಸೂಪರ್‌ವೈಸರ್ ಹುಡುಗರಿಗೆಲ್ಲ ಹೇಳಿದ್ದ. ಬೀದರ್ ಜಿಲ್ಲೆಯ ಔರಾದ್ ಕಡೆಯ ಒಬ್ಬ ಹುಡುಗ ಗುರುವಾರ ತಂದೆಯ ಕಣ್ಣಿನ ಪೊರೆ ತೆಗೆಸಬೇಕಿತ್ತು. ಕರೆದುಕೊಂಡು ಹೋಗಲು ಬೇರೆ ಯಾರೂ ಇರಲಿಲ್ಲ. ಆಸ್ಪತ್ರೆಯ ತಾರೀಖನ್ನು ಮುಂದೆ ಹಾಕಿಸಿದ. ಬುಧವಾರ ಮಧ್ಯಾಹ್ನ ಗ್ರಾಹಕ ಕಂಪನಿಯಿಂದ ಷೆಡ್ಯೂಲ್ ಬದಲಾಗಿ ಬಂತು. ಅವನ ಪ್ರೆಸ್ಸಿಗೆ ಗುರುವಾರ ಕೆಲಸವೇ ಇರಲಿಲ್ಲ. ನಾನು ಹೆಸರು ತೆಗೆದೆ.

ರಾತ್ರಿ ಫೋನ್ ಬಂತು. ಇಡೀ ಆಫೀಸಿನಲ್ಲಿ ಕನ್ನಡ ಬರುವವನು ನಾನೊಬ್ಬನೇ ಆದ್ದರಿಂದ ನಂಬರ್ ಎಲ್ಲಿಂದಲೋ ಹುಡುಕಿದ್ದ.

"ಸರ್, ನಾಳಿ ನನ್ನ ಹೆಸರಿಲ್ಲಲ್ರೀ. ನಾ ಏನರೆ ತಪ್ಪು ಮಾಡೀನೇನ್ರಿ?"

ನಿನ್ನದೇನೂ ತಪ್ಪಿಲ್ಲಪ್ಪಾ, ಷೆಡ್ಯೂಲ್ ಬದಲಾಗೇದ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ತಪ್ಪು ಯಾರದದರೀ?" ಎಂದು ಕೇಳಿದ. ಜಗಳದ ದನಿ ಅಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಂತಿತ್ತು. ಬೆಳಿಗ್ಗೆ ನೋಡೋಣ ಎಂದು ಫೋನಿಟ್ಟೆ.

ಉತ್ತರ ಹುಡುಕಲು ಹೋದರೆ, ನನ್ನ ಜೀವನದಲ್ಲಿ ನಾನು ಅತ್ಯಂತ ಹೆಮ್ಮೆಪಟ್ಟ ಕೆಲಸದ ಹತ್ತಿರವೇ ಹೋಗಿ ನಿಲ್ಲಬೇಕಾಗುತ್ತದೆ.

ಪ್ರೆಸ್ಸಿನಲ್ಲಿ ಒಂದು ಭಾಗ ಒತ್ತುವುದು ಮುಗಿದು ಇನ್ನೊಂದನ್ನು ಶುರುಮಾಡಬೇಕಾದರೆ ಕೆಳಗಿನ ಮೇಲಿನ ಡೈಗಳನ್ನು ಬಿಚ್ಚಿ ಹೊಸವನ್ನು ಕೂರಿಸಬೇಕು. ಟನ್ನುಗಟ್ಟಲೆ ತೂಕದ ಉಕ್ಕು. ನಾನು ಸೇರಿದಾಗ ನಮ್ಮ 400 ಟನ್ ಪ್ರೆಸ್ಸಿನಲ್ಲಿ ಇದಕ್ಕೆ ಸುಮಾರು 110 ನಿಮಿಷ ಹಿಡಿಯುತ್ತಿತ್ತು. ಇಷ್ಟು ಹೊತ್ತು ಹಾಳಾಗುವುದಾದರೆ ಯಾರು ತಾನೇ ಪದೇ ಪದೇ ಡೈ ಬದಲಿಸುತ್ತಾರೆ? ಒಮ್ಮೆ ಕೂರಿಸಿದ ಮೇಲೆ ಮೂರು ಸಾವಿರದ ಆರುನೂರು ಭಾಗ ಒತ್ತಿ ಗೋದಾಮಿಗೆ ತುಂಬುತ್ತಿದ್ದೆವು. ಅವು ಹನ್ನೊಂದು ದಿನ ಅಲ್ಲೇ ಬಿದ್ದಿರುತ್ತಿದ್ದವು, ತುಕ್ಕು ಹಿಡಿಯುತ್ತಿದ್ದವು, ವಿನ್ಯಾಸ ಬದಲಾದರೆ ಗುಜರಿಗೆ ಹೋಗುತ್ತಿದ್ದವು.

ಈ ಕಾಯಿಲೆಗೆ ಮದ್ದು ಹುಡುಕಿದವರು ಜಪಾನಿನ ಶಿಗೆಯೊ ಶಿಂಗೊ. 1950ರಲ್ಲಿ ಹಿರೋಷಿಮಾದ ಟೊಯೊ ಕೊಗ್ಯೊ ಕಾರ್ಖಾನೆಯಲ್ಲಿ, ಅದೇ ಮುಂದೆ ಮಜ್ದಾ ಆದದ್ದು, ಅವರು ಡೈ ಬದಲಿಸುವುದನ್ನು ನೋಡುತ್ತ ನಿಂತಿದ್ದರಂತೆ. ಒಂದು ಬೋಲ್ಟ್ ಸಿಗದೆ ಕೆಲಸಗಾರ ಹುಡುಕಿಕೊಂಡು ಹೋದ; ಕೊನೆಗೆ ಬೇರೆ ಯಂತ್ರದ ಉದ್ದನೆಯ ಬೋಲ್ಟನ್ನು ತಂದು ಕತ್ತರಿಸಿ ಹೊಂದಿಸಿದ. ಅಲ್ಲಿಯವರೆಗೂ ದೈತ್ಯ ಪ್ರೆಸ್ಸು ಸುಮ್ಮನೆ ನಿಂತಿತ್ತು. ಶಿಂಗೊಗೆ ಹೊಳೆದದ್ದು ಇಷ್ಟೇ: ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಬೇರೆ, ಅದು ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಬೇರೆ. ನಾವು ಎರಡನ್ನೂ ಕಲಸಿಬಿಟ್ಟಿರುತ್ತೇವೆ. ನಮ್ಮ ಅವ್ವಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಂಚು ಕಾಯುವಷ್ಟರಲ್ಲಿ ಹಿಟ್ಟು ನಾದಿ ಇಟ್ಟಿರುತ್ತಿದ್ದರು. 1969ರಲ್ಲಿ ಟೊಯೊಟಾದ ಸಾವಿರ ಟನ್ ಪ್ರೆಸ್ಸಿಗೆ ಹಿಡಿಯುತ್ತಿದ್ದ ನಾಲ್ಕು ಗಂಟೆಯನ್ನು ಅವರು ಮೊದಲು ತೊಂಬತ್ತು ನಿಮಿಷಕ್ಕೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು.

ನಾವು ಹನ್ನೆರಡು ನಿಮಿಷಕ್ಕೆ ಇಳಿಸಿದೆವು. ಎಂಟು ತಿಂಗಳು ಹಿಡಿಯಿತು. ಡೈಗಳ ಎತ್ತರವನ್ನೆಲ್ಲ ಒಂದೇ ಅಳತೆಗೆ ತಂದೆವು, ಬೋಲ್ಟಿನ ಬದಲು ಕ್ಲಾಂಪ್ ಹಾಕಿದೆವು, ಮುಂದಿನ ಡೈ ತಳ್ಳುಗಾಡಿಯ ಮೇಲೆ ತಯಾರಾಗಿ ನಿಂತಿರುವಂತೆ ಮಾಡಿದೆವು. ಒಂಬತ್ತು ಪಟ್ಟು ಬೇಗ ಬದಲಿಸಬಹುದಾದ ಮೇಲೆ ಒಂಬತ್ತನೇ ಒಂದು ಪಾಲು ಒತ್ತಿದರೆ ಸಾಕು: ಒಂದು ಸಲಕ್ಕೆ ನಾನೂರು. ಬೇಕಾದದ್ದನ್ನು ಬೇಕಾದ ದಿನ ಬೇಕಾದಷ್ಟೇ. ದಾಸ್ತಾನು ಒಂದೂವರೆ ದಿನದ್ದಾಯಿತು. ಗೋದಾಮಿನ ರ‍್ಯಾಕುಗಳನ್ನು ಬಿಚ್ಚಿ ಹಾಕಿದ ದಿನ ಖಾಲಿ ನೆಲದ ಮೇಲೆ ನಾವೆಲ್ಲ ಫೋಟೋ ತೆಗೆಸಿಕೊಂಡೆವು. ಆ ಔರಾದಿನ ಹುಡುಗನೂ ಅದರಲ್ಲಿದ್ದಾನೆ. ಕ್ಲಾಂಪನ್ನು ಯಾವ ಕಡೆಯಿಂದ ಹಾಕಿದರೆ ಕೈ ಸಲೀಸಾಗಿ ಆಡುತ್ತದೆ ಎಂದು ತೋರಿಸಿದವನು ಅವನೇ.

ಇಲ್ಲಿಯವರೆಗೆ ಎಲ್ಲ ಸರಿ ಇದೆ ಎಂದು ಇವತ್ತಿಗೂ ನನ್ನ ನಂಬಿಕೆ. ಹೊಂದಿಕೊಳ್ಳಲಾರದ ಉತ್ಪಾದನೆ ಎಂಥದೆಂದು ಫೋರ್ಡ್ ತೋರಿಸಿದ್ದರು. ಮಾಡೆಲ್ ಟಿ ಒಂದನ್ನೇ ಹತ್ತೊಂಬತ್ತು ವರ್ಷ, ಒಂದೂವರೆ ಕೋಟಿಯಷ್ಟು ಮಾಡಿದ ಅವರ ಕಾರ್ಖಾನೆ 1927ರಲ್ಲಿ ಇನ್ನೊಂದು ಮಾದರಿಗೆ ಹೊರಳಬೇಕಾದಾಗ ತಿಂಗಳುಗಟ್ಟಲೆ ಬಾಗಿಲು ಹಾಕಬೇಕಾಯಿತು. ಆಗ ಬೀದಿಗೆ ಬಿದ್ದವರೂ ಕಾರ್ಮಿಕರೇ. ಬಾಗದ ಯಂತ್ರ ಮುರಿಯುವಾಗ ಜನರ ಮೇಲೇ ಬೀಳುತ್ತದೆ.

ಆದರೆ ಆ ಗೋದಾಮಿನಲ್ಲಿ ಏನಿತ್ತು? ತಗಡಿನ ಭಾಗಗಳಿದ್ದವು ಎನ್ನುವುದು ಸ್ಟೋರ್ಸಿನವರ ಉತ್ತರ. ನನ್ನ ಲೆಕ್ಕದಲ್ಲಿ ಅಲ್ಲಿದ್ದದ್ದು ಅನಿಶ್ಚಿತತೆ. ನಾಳೆ ಎಷ್ಟು ಕಾರು ಮಾರಾಟವಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದಿರುವುದರ ಬೆಲೆಯನ್ನು ಹನ್ನೊಂದು ದಿನದ ಮಾಲಿನ ರೂಪದಲ್ಲಿ, ಬಡ್ಡಿಯ ರೂಪದಲ್ಲಿ ಕಂಪನಿ ಹೊತ್ತುಕೊಂಡಿತ್ತು. ಗ್ರಾಹಕ ಏನೇ ಬದಲಾಯಿಸಲಿ, ಗೋದಾಮು ಮಧ್ಯೆ ನಿಂತು ಆ ಪೆಟ್ಟು ತಿನ್ನುತ್ತಿತ್ತು. ಪ್ರೆಸ್ಸಿನ ಮುಂದಿನ ಹುಡುಗನಿಗೆ ಅದು ತಾಗುತ್ತಿರಲಿಲ್ಲ. ವಾರದ ಪಾಳಿಯ ಹಾಳೆಯನ್ನು ಶನಿವಾರವೇ ಗೋಡೆಗೆ ಅಂಟಿಸುತ್ತಿದ್ದ ಕಾಲ ಅದು.

ನಾವು ಗೋದಾಮನ್ನು ತೆಗೆದೆವು. ಅನಿಶ್ಚಿತತೆಯನ್ನು ತೆಗೆದೆವೇ? ಮಾರುಕಟ್ಟೆ ಮೊದಲಿನಷ್ಟೇ ಚಂಚಲ. ಗ್ರಾಹಕ ಕಂಪನಿಗೆ ನಾವು ಬೇಗ ಬದಲಾಯಿಸಬಲ್ಲೆವೆಂದು ಗೊತ್ತಾದ ಮೇಲಂತೂ ಹಿಂದಿನ ದಿನ ಮಧ್ಯಾಹ್ನ ಷೆಡ್ಯೂಲ್ ತಿದ್ದುವುದು ರೂಢಿಯಾಯಿತು. ಆ ಭಾರ ಎಲ್ಲಿಯಾದರೂ ಕೂರಲೇಬೇಕು. ಅದು ಮಹಾಳುಂಗೆಯ ಖೋಲಿಗೆ ಹೋಗಿ ಕೂತಿತು. ಈಗ ದಾಸ್ತಾನು ಅಲ್ಲಿದೆ. ಕಾಯುತ್ತ ಕೂತ ಮನುಷ್ಯ ಬಡ್ಡಿ ಕಟ್ಟಬೇಕಾಗಿಲ್ಲದ, ಜಾಗದ ಬಾಡಿಗೆಯನ್ನೂ ತಾನೇ ಕೊಟ್ಟುಕೊಳ್ಳುವ ದಾಸ್ತಾನು.

ಇದನ್ನು ನನ್ನ ಗೆಳೆಯನೊಬ್ಬನಿಗೆ ಹೇಳಿದೆ. ಹಿಂಜವಡಿಯಲ್ಲಿ ಸಾಫ್ಟ್‌ವೇರಿನವನು, ಧಾರವಾಡದವನು. "ನೀ ಭಾಳ ವಿಚಾರ ಮಾಡ್ತಿ ಬಿಡು" ಅಂದ. ನಾವೆಲ್ಲ ಹೊಂದಿಕೊಂಡೇ ಬಂದವರಲ್ಲವೆ, ಊರು ಬಿಟ್ಟೆವು, ಮರಾಠಿ ಕಲಿತೆವು, ಜ್ವಾಳದ ರೊಟ್ಟಿಯಿಂದ ಪೋಹೆಗೆ ಬಂದೆವು, ಹೊಸ ತಂತ್ರಜ್ಞಾನ ಬಂದಾಗೆಲ್ಲ ಹಳೆಯದನ್ನು ಮರೆತು ಕಲಿತೆವು. ಅವನೂ ಕಲಿಯಲಿ.

ಅವನ ಮಾತಿನಲ್ಲಿ ಒಂದು ಜಾಗ ನನಗೆ ಸರಿ ಕಾಣಲಿಲ್ಲ. ನಾನು ಮರಾಠಿ ಕಲಿತೆ. ಅದು ನನ್ನ ಹತ್ತಿರವೇ ಉಳಿಯಿತು. ಗೆಳೆಯ ಹೊಸ ತಂತ್ರಜ್ಞಾನ ಕಲಿತ. ಮುಂದಿನ ಕೆಲಸಕ್ಕೆ ಅದನ್ನೇ ತೋರಿಸಿ ಸಂಬಳ ಏರಿಸಿಕೊಂಡ. ಹೊಂದಿಕೊಂಡದ್ದಕ್ಕೆ ನಮಗೆ ಏನೋ ಕೂಡಿತು. ಸಂಜೆ ಏಳಕ್ಕೆ ಫೋನ್ ನೋಡುವುದರಲ್ಲಿ ಆ ಹುಡುಗನಿಗೆ ಕೂಡುವುದೇನು? ಮೂರು ವರ್ಷ ಕಾದರೂ ಕಾಯುವುದರಲ್ಲಿ ಯಾರೂ ಪರಿಣತರಾಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಯಾವಾಗಲೂ ಗಿಡಕ್ಕೇ ಹೇಳುತ್ತೇವೆ, ಮರಕ್ಕೆ ಹೇಳಿದ್ದು ನಾನಂತೂ ಕೇಳಿಲ್ಲ.

ಕಾಗದದ ಮೇಲೆ ಅವನು ಸ್ವತಂತ್ರ, ಬೇಡವಾದರೆ ಬಿಡಬಹುದು ಎಂಬ ವಾದವೂ ಇದೆ. ಈ ಕಡೆ 'ಬ್ರೇಕ್ ಕೊಡುವುದು' ಎಂಬ ಮಾತೊಂದು ಬಳಕೆಯಲ್ಲಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆ 240 ದಿನ ಕೆಲಸ ಮಾಡಿದವನನ್ನು ಒಂದು ವರ್ಷದ ನಿರಂತರ ಸೇವೆ ಸಲ್ಲಿಸಿದವನೆಂದು ಎಣಿಸಿತು. ತೆಗೆಯಬೇಕಾದರೆ ನೋಟಿಸು, ಪರಿಹಾರ ಕೊಡಬೇಕು. ಹಾಗಾಗಿ ಏಳು ತಿಂಗಳಾಗುತ್ತಲೇ ಹುಡುಗರನ್ನು ಮನೆಗೆ ಕಳಿಸಿ, ಬೇಕಾದರೆ ಇನ್ನೊಂದು ಹೆಸರಿನಲ್ಲಿ ವಾಪಸು ತರುವ ಅಭ್ಯಾಸ ಬೆಳೆಯಿತು. ಎಷ್ಟು ಬೇಕಾದರೂ ಬಾಗು, ಬೇರು ಮಾತ್ರ ಬಿಡಬೇಡ ಎಂದ ಹಾಗೆ.

ಈ ವಿದ್ಯೆ ಹುಟ್ಟಿದ ಟೊಯೊಟಾದಲ್ಲಿ ಹೇಗಿತ್ತು? 1950ರಲ್ಲಿ ಆ ಕಂಪನಿ ದಿವಾಳಿಯ ಅಂಚಿಗೆ ಬಂದು, ದೊಡ್ಡ ಮುಷ್ಕರವಾಗಿ, ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು. ಅಧ್ಯಕ್ಷ ಕಿಇಚಿರೊ ಟೊಯೊಡಾ ಕೂಡ ರಾಜೀನಾಮೆ ಕೊಟ್ಟರು. ಉಳಿದವರೊಂದಿಗೆ ಕಾಲಕ್ರಮದಲ್ಲಿ ಒಂದು ಒಪ್ಪಂದ ಬೆಳೆಯಿತು: ನೀವು ಯಾವ ಯಂತ್ರಕ್ಕಾದರೂ ಹೋಗಲು ಒಪ್ಪಿ, ನಾವು ನಿಮ್ಮ ಕೆಲಸ ಕಾಯುತ್ತೇವೆ. ತಪ್ಪು ಕಂಡರೆ ಹಗ್ಗ ಎಳೆದು ಇಡೀ ಲೈನನ್ನೇ ನಿಲ್ಲಿಸುವ ಅಧಿಕಾರ ಕಾರ್ಮಿಕನಿಗಿತ್ತು. ನಮಗೆ ಟ್ರೇನಿಂಗಿನಲ್ಲಿ ಹಗ್ಗದ ಚಿತ್ರ ತೋರಿಸಿದರು, ಒಪ್ಪಂದದ ಸುದ್ದಿ ಹೇಳಲಿಲ್ಲ. ಆದರೆ ಟೊಯೊಟಾವನ್ನೂ ಪೂಜಿಸಬೇಕಿಲ್ಲ. ಆ ಒಪ್ಪಂದ ಕಾಯಂ ಆದವರಿಗೆ ಮಾತ್ರ. ಸತೋಷಿ ಕಮಾತಾ ಎಂಬ ಪತ್ರಕರ್ತ 1972ರಲ್ಲಿ ಅಲ್ಲಿ ಆರು ತಿಂಗಳು ಹಂಗಾಮಿ ಕಾರ್ಮಿಕನಾಗಿ ದುಡಿದು ಬರೆದ ಪುಸ್ತಕದ ಹೆಸರಿನಲ್ಲೇ ಹತಾಶೆ ಎಂಬ ಪದವಿದೆ.

ನಮ್ಮೂರು ಇಳಕಲ್ಲಿನ ಹತ್ತಿರ. ಇಳಕಲ್ಲ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸಬೇಕು. ಅಂದರೆ ಪ್ರತಿ ಸೀರೆಗೂ ಹೊಸದಾಗಿ ಹಾಸು ತಯಾರಾಗಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದರ ಬ್ಯಾಚು, ಬಣ್ಣ ಅಂಚು ಏನು ಬೇಕಾದರೂ ಬದಲಿಸಬಹುದು. ಚಾಕಣದ ಈ ವ್ಯವಸ್ಥೆ ಬೇಡ, ಮಗ್ಗವೇ ಚಂದ ಎಂದು ಬರೆಯಬೇಕೆಂದು ಈ ಲೇಖನ ಶುರುಮಾಡಿದಾಗ ನನಗೂ ಆಸೆಯಾಗಿತ್ತು. ಆದರೆ ಪಕ್ಕದ ಮನೆಯ ನೇಕಾರ ಕಾಕಾ ನೆನಪಾದರು. ನೂಲು ಸಾಹುಕಾರನದು, ಸೀರೆ ಸಾಹುಕಾರನದು, ಕಾಕಾನಿಗೆ ಮಜೂರಿ. ಮಾರಾಟ ಕುಸಿದರೆ ಸಾಹುಕಾರ ನೂಲು ಕೊಡುತ್ತಿರಲಿಲ್ಲ. ಮಗ್ಗದ ಸದ್ದು ನಿಂತಿದ್ದರೆ ನಮ್ಮವ್ವ ಏನೂ ಕೇಳದೆ ಒಂದು ಬುಟ್ಟಿ ಜೋಳ ಕಳಿಸುತ್ತಿದ್ದಳು. ಸಾಹುಕಾರನ ಮನೆಯ ಕಟ್ಟೆಯ ಮೇಲೆ ಕಾಕಾ ಬೆಳಗಿನಿಂದ ಕೂತಿರುತ್ತಿದ್ದದ್ದಕ್ಕೂ ವಾಟ್ಸಾಪ್ ಗುಂಪಿಗೂ ವ್ಯತ್ಯಾಸ ಬಹಳ ಇಲ್ಲ. ಅತ್ಯಾಧುನಿಕ ಎಂದು ನಾನು ತಿಳಿದದ್ದು ನಮ್ಮ ಓಣಿಯಲ್ಲೇ ಇತ್ತು. ಒಂದೇ ಅಂತರವೆಂದರೆ ಈಗ ಕಟ್ಟೆಯೊಳಗಿನ ಗಾದಿಯ ಮೇಲೆ ನಾನು ಕೂತಿದ್ದೇನೆ.

ಬೇರೆ ದಾರಿಗಳಿಲ್ಲ ಎಂದಲ್ಲ. ಜರ್ಮನಿಯಲ್ಲಿ ಕೆಲಸ ಕಡಿಮೆಯಾದಾಗ ಎಲ್ಲರ ಗಂಟೆಗಳನ್ನೂ ಇಳಿಸಿ, ಕಳೆದುಹೋದ ನಿವ್ವಳ ಸಂಬಳದ ಶೇ. 60ರಷ್ಟನ್ನು, ಮಕ್ಕಳಿದ್ದರೆ ಶೇ. 67ರಷ್ಟನ್ನು, ಉದ್ಯೋಗ ವಿಮೆಯಿಂದ ಕೊಡುತ್ತಾರೆ. 2009ರ ಕುಸಿತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೀಗೆ ಕೆಲಸ ಉಳಿಸಿಕೊಂಡರು. ಅಲ್ಲಿ ಕಾರ್ಖಾನೆ ಬಾಗುತ್ತದೆ, ಕಾರ್ಮಿಕ ಬಾಗುತ್ತಾನೆ, ಸರ್ಕಾರವೂ ಒಂದಿಷ್ಟು ಬಾಗುತ್ತದೆ. ನಾನು ಸರ್ಕಾರವಲ್ಲ, ಮಾಲೀಕನೂ ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಅದು ನಿಜವೇ ಆದರೂ ಈಗ ಕಿವಿಗೆ ಹಿತವಾಗುವುದಿಲ್ಲ. ಪಟ್ಟಿಯ ಕೆಳಗೆ ಇರುವುದು ನನ್ನ ಹೆಸರು.

ನನ್ನ ಕೈಯಲ್ಲಿದ್ದದ್ದು ಒಂದೇ. ದಿನವೂ ಬೇಡಿಕೆ ಇರುವ ಆರು ಭಾಗಗಳನ್ನು ಎರಡು ದಿನದಷ್ಟು ಹೆಚ್ಚಿಗೆ ಒತ್ತಿಟ್ಟುಕೊಂಡರೆ, ಷೆಡ್ಯೂಲ್ ಹಿಂದೆಮುಂದಾದಾಗ ಅದರಿಂದ ಸಂಭಾಳಿಸಿ ಪಾಳಿಯ ಹಾಳೆಯನ್ನು ವಾರಕ್ಕೆ ಮೊದಲೇ ಗಟ್ಟಿ ಮಾಡಬಹುದು ಎಂದು ಲೆಕ್ಕ ಹಾಕಿದೆ. ಒಂದೂವರೆ ದಿನದ್ದು ಮೂರೂವರೆ ದಿನವಾಗುತ್ತದೆ, ಆ ಆರಕ್ಕೆ ಮಾತ್ರ. ಹಳೆಯ ರ‍್ಯಾಕಿನಲ್ಲಿ ನಾಲ್ಕನ್ನು ಗುಜರಿಯ ರಾಶಿಯಿಂದ ಹೊರಗೆಳೆಸಿ ಗೋದಾಮಿನ ಮೂಲೆಗೆ ನಿಲ್ಲಿಸಿದೆವು. ಮ್ಯಾನೇಜರು ನೋಡಿ, ಮೂರು ತಿಂಗಳು ಮಾಡಿ ನೋಡು, ಅಂಕಿ ಕೆಟ್ಟರೆ ತೆಗೆಯಬೇಕು ಅಂದರು. ಅವರ ಮೇಲೂ ಯಾರೋ ಇದ್ದಾರೆ.

ಔರಾದಿನ ಹುಡುಗ ಈಗ ನಮ್ಮಲ್ಲಿಲ್ಲ. ಬ್ರೇಕ್ ಮೇಲೆ ಹೋದವನು ತಿರುಗಿ ಬರಲಿಲ್ಲ. ಯುಗಾದಿಗೆ ಫೋನ್ ಮಾಡಿದ್ದ; ತಂದೆಯ ಕಣ್ಣು ಆಯಿತಂತೆ, ಒಂದು ಕಡೆಯದು. ಎರಡನೆಯದಕ್ಕೆ ತಾರೀಖು ತೆಗೆದುಕೊಳ್ಳಬೇಕು ಎಂದ. ನಾನು ರ‍್ಯಾಕಿನ ವಿಷಯ ಹೇಳಿದೆ. "ವಾರದ್ದು ಮೊದಲೇ ಹಚ್ತೀರೇನ್ರಿ ಈಗ?" ಅಂದ. ಹೌದು ಅಂದೆ, ಸದ್ಯಕ್ಕೆ.

ಮೂರು ತಿಂಗಳು ಮುಂದಿನ ಶುಕ್ರವಾರಕ್ಕೆ ಮುಗಿಯುತ್ತದೆ.