ಸ್ಟೆಪ್ನಿಗೆ ಬಣ್ಣ ಹಚ್ಚುವ ಮುನ್ನ

ಹೋದ ವರ್ಷ ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಬೈತಖೋಲಕ್ಕೆ ಹೋಗಿದ್ದೆ. ಅಪ್ಪನ ಮಾರುತಿ 800 ಮಾರುವುದಿತ್ತು. ಇಂಜಿನ್ ಗಟ್ಟಿ, ಬಾಡಿ ಪರವಾಗಿಲ್ಲ, ಚಕ್ರಗಳು ಮಾತ್ರ ನೋಡೋ ಹಾಗಿರಲಿಲ್ಲ. ಇಪ್ಪತ್ತು ವರ್ಷ ಬಂದರಿನ ಗಾಳಿ ಕುಡಿದ ಕಬ್ಬಿಣ ಇನ್ನು ಹೇಗಿರುತ್ತೆ? ಗ್ಯಾರೇಜಿನವರು ಹೇಳಿದ ರೇಟು ಕೇಳಿ, ನಾನೇ ಮಾಡ್ತೀನಿ ಅಂದೆ. ಸ್ಟೆಪ್ನಿ ಸೇರಿ ಐದು ರಿಮ್, ಬಜೆಟ್ 1,500 ರೂಪಾಯಿ. ಒಂದು ವೈರ್ ಬ್ರಶ್, 80ರಿಂದ 400ನೇ ನಂಬರಿನವರೆಗೆ ಸ್ಯಾಂಡ್ ಪೇಪರ್, ಅರ್ಧ ಲೀಟರ್ ರೆಡ್ ಆಕ್ಸೈಡ್, ಮೂರು ಡಬ್ಬಿ ಸಿಲ್ವರ್ ಸ್ಪ್ರೇ. ಟೈರಿಗೆ ಬಣ್ಣ ತಾಗದ ಹಾಗೆ ರಿಮ್ಮಿನ ಅಂಚಿನ ಸುತ್ತ ಸಿಕ್ಕಿಸಲು ಹಳೇ ಇಸ್ಪೀಟು ಎಲೆಗಳು. ಅವು ಮನೆಯಲ್ಲೇ ಇದ್ದವು.

ಮೊದಲ ದಿನವೇ ಸ್ಪ್ರೇ ಡಬ್ಬಿ ಕುಲುಕುತ್ತಾ ನಿಂತವನನ್ನು ಪಕ್ಕದ ಮನೆಯ ಹಿರಿಯರು ತಡೆದರು. ಜೀವನವಿಡೀ ಬೋಟಿನಲ್ಲಿ ಕಳೆದವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಬೋಟುಗಳನ್ನು ಕೆರೆದು, ತೇಪೆ ಹಾಕಿ, ಬಣ್ಣ ಬಳಿಯುವುದು ಅವರಿಗೆ ಪ್ರತಿ ವರ್ಷದ ಕೆಲಸವಾಗಿತ್ತು. "ತಮ್ಮಾ, ಬಣ್ಣ ಹಚ್ಚೂದು ಅರ್ಧ ದಿನ, ತಿಕ್ಕೂದು ಮೂರು ದಿನ" ಅಂದರು. ಮೊದಲು ಸಿಹಿನೀರಲ್ಲಿ ತೊಳಿ, ಅಂತಲೂ ಹೇಳಿದರು. ಅದರ ಕಾರಣ ಸರಳ. ಬಣ್ಣದ ಅಡಿ ಉಪ್ಪು ಉಳಿದರೆ ಅದು ತೇವ ಎಳೆಯುತ್ತಲೇ ಇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಬಣ್ಣವನ್ನು ಒಳಗಿಂದಲೇ ಎತ್ತುತ್ತದೆ. ಮೇಲೆ ಮಿನುಗು, ಕೆಳಗೆ ಗುಳ್ಳೆ.

ಇನ್ನೊಂದು ವಿಷಯ ಆ ಹತ್ತು ದಿನದಲ್ಲಿ ಕಲಿತೆ. ರಿಮ್ಮಿನ ಹಿಂಭಾಗದಲ್ಲಿ ಹಬ್‌ಗೆ ಕೂರುವ ಜಾಗಕ್ಕೆ, ನಟ್ಟು ಕೂರುವ ಕುಳಿಗಳಿಗೆ ದಪ್ಪಗೆ ಬಣ್ಣ ಹೊಡೆಯಬಾರದು. ಬಣ್ಣ ಆಮೇಲೆ ಒತ್ತಿ ಅಡಗುತ್ತದೆ, ಬಿಗಿ ಮಾಡಿದ ನಟ್ಟು ಸಡಿಲಾಗುತ್ತದೆ. ಭಾರ ಹೊರುವ ಕಡೆ ಕಬ್ಬಿಣಕ್ಕೆ ಕಬ್ಬಿಣವೇ ಮುಟ್ಟಬೇಕು.

ನಾಲ್ಕು ರಿಮ್ ಚೆನ್ನಾಗಿ ಬಂದವು. ಬಿಸಿಲೇರಿ ಗಾಳಿಯ ತೇವ ಇಳಿದ ಮೇಲೆ ಸ್ಪ್ರೇ ಮಾಡಿದೆ, ಇಲ್ಲದಿದ್ದರೆ ಕೆಲವು ಬಣ್ಣ ಹಾಲು ಚೆಲ್ಲಿದ ಹಾಗೆ ಮಬ್ಬಾಗುತ್ತವೆ. ತೊಂದರೆ ಆಗಿದ್ದು ಸ್ಟೆಪ್ನಿಯಲ್ಲಿ. ಒಳಬದಿ ಉಜ್ಜುತ್ತಿದ್ದರೆ ವೆಲ್ಡಿನ ಗುಂಟ ತುಕ್ಕು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಎದ್ದು ಬಂತು. ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ತಗ್ಗು ಬಿತ್ತು. ಮನೆಯಲ್ಲಿ ಬಾಡಿಗೆ ಹಚ್ಚಿ ಉಳಿದ ಪುಟ್ಟಿ ಇತ್ತು. ಮೆತ್ತಿ, ತಿಕ್ಕಿ, ಬಣ್ಣ ಹೊಡೆದರೆ ಅರ್ಧ ಗಂಟೆಯ ಕೆಲಸ. ಅದೂ ಡಿಕ್ಕಿಯಲ್ಲಿ ಬಿದ್ದಿರೋ ಚಕ್ರ. ಯಾರು ಮಗುಚಿ ನೋಡ್ತಾರೆ?

"ಹಳೇ ಕಾರು ಅಂತ ಅವನಿಗೆ ಗೊತ್ತಿಲ್ವಾ? ನೋಡಿ ತಗೊಳ್ಳಲಿ" ಅಂದ್ರು ಅಪ್ಪ. ಅಪ್ಪ ಮೋಸಗಾರರಲ್ಲ. ಅವರ ವಾದಕ್ಕೆ ಎರಡು ಸಾವಿರ ವರ್ಷ ವಯಸ್ಸಾಗಿದೆ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಪುಸ್ತಕದಲ್ಲಿ ಒಂದು ಮನೆ ಮಾರಾಟಕ್ಕಿದೆ. ಮಲಗುವ ಕೋಣೆಗಳಲ್ಲಿ ಹಾವು, ಮರಮುಟ್ಟು ಲಡ್ಡು, ಇದೆಲ್ಲ ಒಡೆಯನಿಗೊಬ್ಬನಿಗೇ ಗೊತ್ತು. ಕೊಳ್ಳು ಅಂತ ಯಾರೂ ಒತ್ತಾಯಿಸಿಲ್ಲವಲ್ಲ ಅನ್ನುತ್ತಾನೆ ಡಯೋಜಿನಿಸ್. ಹೇಳದಿರುವುದು ದಾರಿ ತಪ್ಪಿದವನಿಗೆ ದಾರಿ ತೋರಿಸದಿದ್ದ ಹಾಗೆ ಅನ್ನುತ್ತಾನೆ ಆಂಟಿಪೇಟರ್. ಸಿಸೆರೊ ಕೊನೆಗೆ ಹೇಳುವುದೂ ಹೇಳಬೇಕಿತ್ತು ಅಂತಲೇ.

ವಕೀಲೆ ಗೆಳತಿಗೆ ಮೆಸೇಜ್ ಮಾಡಿದರೆ 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ಕಳಿಸಿದಳು. ಬರೀ ಸುಮ್ಮನಿದ್ದರೆ ಸಾಮಾನ್ಯವಾಗಿ ವಂಚನೆಯಲ್ಲ, ಗೊತ್ತಿದ್ದ ದೋಷವನ್ನು ಕೈಯಾರೆ ಮುಚ್ಚಿಟ್ಟರೆ ವಂಚನೆ. ಅದರಲ್ಲಿರೋ ಉದಾಹರಣೆ ನನಗೆ ಬಹಳ ಹಿಡಿಸಿತು. ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಬಾಯಿಬಿಡದೆ ಮಾರುತ್ತಾನೆ. ಅದು ವಂಚನೆಯಲ್ಲ. ಆದರೆ ಕೊಂಡವಳು ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನದೇ ಮಗಳಾಗಿದ್ದರೆ? ಆಗ ಅವನು ಹೇಳಲೇಬೇಕು. ಅಂದರೆ ನಿಜ ಹೇಳುವ ಬಾಧ್ಯತೆ ಎದುರಿಗಿರುವವರು ನಮಗೆ ಏನಾಗಬೇಕು ಅನ್ನೋದರ ಮೇಲೆ ನಿಲ್ಲುತ್ತೆ. ಬೆಂಗಳೂರಲ್ಲಿ ಆ್ಯಪ್ ಮೂಲಕ ಮಾರಿದರೆ ಕೊಳ್ಳುವವನ ಮುಖವನ್ನೂ ನೋಡಬೇಕಿಲ್ಲ. ಬೈತಖೋಲದಲ್ಲಿ ಕೊಳ್ಳಲು ಬಂದವನು ಬಂದರಿನಲ್ಲೇ ದುಡಿಯುವ ಹುಡುಗ. ಅಂಕೋಲಾದಲ್ಲಿ ಹೆಂಡತಿಯ ತವರು, ಕೈಗೂಸು ಬೇರೆ.

ಎಸಿ ತಂಪಾಗಲ್ಲ ಅನ್ನೋದು ಅವನಿಗೆ ಒಂದು ರೌಂಡು ಓಡಿಸಿದರೆ ಗೊತ್ತಾಗುತ್ತೆ, ಹರಿದ ಸೀಟು ಕಣ್ಣಿಗೇ ಕಾಣುತ್ತೆ. ಸ್ಟೆಪ್ನಿಯ ಕಥೆ ಗೊತ್ತಾಗೋದು ಮಳೆಗಾಲದ ರಾತ್ರಿ, ಹೆದ್ದಾರಿ 66ರಲ್ಲಿ ಪಂಕ್ಚರ್ ಆದ ಮೇಲೆ. ಆದರೂ ನನ್ನನ್ನು ಕಾಡಿದ್ದು ಬೇರೆ. ಡಬ್ಬಿ ಅದೇ, ಬೆರಳು ಒತ್ತುವ ರೀತಿಯೂ ಅದೇ. ನಾಲ್ಕು ರಿಮ್ಮಿಗೆ ಅದು ಆರೈಕೆ, ಐದನೆಯದಕ್ಕೆ ಮೋಸ. ವ್ಯತ್ಯಾಸ ಎಲ್ಲಿದೆ? ಆ ನಾಲ್ಕಕ್ಕೆ ಬಣ್ಣ ಹೊಡೆಯುವಾಗ ಆ ಹುಡುಗ ಬಂದು ಪಕ್ಕದಲ್ಲಿ ನಿಂತಿದ್ದರೆ ಖುಷಿಯಿಂದ ತೋರಿಸುತ್ತಿದ್ದೆ. ಐದನೆಯದರ ಹೊತ್ತಿಗೆ ಬಂದಿದ್ದರೆ ಗೋಣಿಚೀಲ ಎಳೆದು ಮುಚ್ಚುತ್ತಿದ್ದೆ.

ಅಡ್ವಾನ್ಸ್ ಕೊಡುವ ಮೊದಲೇ ಹೇಳಿದೆ. ರಿಮ್ಮನ್ನು ಮಗುಚಿ ತೋರಿಸಿದೆ. ಹುಡುಗ 800 ರೂಪಾಯಿ ಮುರಿದುಕೊಂಡ, ಗುಜರಿಯಲ್ಲಿ ಬೇರೆ ಹುಡುಕ್ತೀನಿ ಅಂದ. ಅಪ್ಪ ಆ ಸಂಜೆ ನನ್ನ ಹತ್ತಿರ ಮಾತಾಡಲಿಲ್ಲ. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು, ಅದು ಸ್ವಲ್ಪ ಅಗ್ಗದ ಹೆಮ್ಮೆ. ನಿಜಕ್ಕೆ ತೆತ್ತಿದ್ದು 800 ರೂಪಾಯಿ. 80,000 ಆಗಿದ್ದರೆ ಪುಟ್ಟಿಯ ಡಬ್ಬಿ ಮುಚ್ಚಿಡುತ್ತಿದ್ದೆನಾ? ಆಣೆ ಮಾಡಿ ಹೇಳಲಾರೆ.

ಆ ರಿಮ್ಮು ಅರ್ಧ ತಿಕ್ಕಿದ ಹಾಗೇ ನಮ್ಮ ಸೂರಿನಡಿ ಮಳೆಗಾಲ ಕಳೆಯಿತು, ಅಂಗಳಕ್ಕೆಲ್ಲ ಕೆಂಪು ನೀರು ಬಿಡುತ್ತಾ. ದಸರಾಕ್ಕೆ ಹೋದಾಗ ಹುಡುಗ ಮತ್ತೆ ಬಂದಿದ್ದ. ಕಾರು ಚೆನ್ನಾಗಿದೆ ಅಂದ. ಆ ಹಳೇ ರಿಮ್ ಇದ್ರೆ ಕೊಡಿ, ಸಣ್ಣ ದೋಣಿಗೆ ಲಂಗರಿನ ಬದಲು ಕಟ್ಟೋಕಾಯ್ತು ಅಂದ.

ಬಣ್ಣ ಹಚ್ಚಿಲ್ಲ ಕಣೋ, ಅಂದೆ.

"ನೀರೊಳಗೆ ಯಾರು ನೋಡ್ತಾರೆ ಅಣ್ಣಾ" ಅಂತ ನಗುತ್ತಾ ಎತ್ತಿಕೊಂಡು ಹೋದ.